ಸೊನ್ನೆ ಬರೆದರೂ ಮಿಣುಕುವ ಎಲ್‌ಇಡಿ: ಮಂದ ಮಾಡುವುದು ಬೇರೆ, ಆರಿಸುವುದು ಬೇರೆ

ಬೆಳಕು 100ರಿಂದ 1ರವರೆಗೆ ಸರಾಗವಾಗಿ ಇಳಿಯುತ್ತದೆ. 0 ಬರೆದ ಮೇಲೂ ಕತ್ತಲಲ್ಲಿ ಎಲ್‌ಇಡಿ ಮಿಣಮಿಣ ಎನ್ನುತ್ತಲೇ ಇರುತ್ತದೆ. ಕೋಡನ್ನು ಹತ್ತು ಸಲ ಓದಿದರೂ ತಪ್ಪು ಸಿಗುವುದಿಲ್ಲ, ಏಕೆಂದರೆ ಎಷ್ಟೋ ಡ್ರೈವರ್ ಚಿಪ್‌ಗಳಲ್ಲಿ, ಅಂದರೆ ಎಲ್‌ಇಡಿಯ ಕರೆಂಟನ್ನು ನಿಯಂತ್ರಿಸುವ ಚಿಪ್‌ಗಳಲ್ಲಿ, ‘ಅತಿ ಕಡಿಮೆ ಬೆಳಕು’ ಒಂದು ಆದೇಶ, ‘ಆಫ್’ ಇನ್ನೊಂದು ಆದೇಶ. ಮೊದಲನೆಯದನ್ನು ಕೊನೆಯ ಮೆಟ್ಟಿಲವರೆಗೆ ಇಳಿಸಿದರೆ ಎರಡನೆಯದು ತಾನಾಗಿ ಬರುವುದಿಲ್ಲ. ಅದರ ಮೇಲೆ ವೈರಿಂಗ್‌ನಲ್ಲೇ ಸೋರಿಕೆ ಇದ್ದರೆ ಯಾವ ಆದೇಶಕ್ಕೂ ಎಲ್‌ಇಡಿ ಆರುವುದಿಲ್ಲ.

ಪಲ್ಸೋ, ಸೋರಿಕೆಯೋ

ಚಿಪ್ ಕಿತ್ತು ಬದಲಿಸುವ ಮೊದಲು ಒಂದು ನಿಮಿಷದ ಪರೀಕ್ಷೆ ಮಾಡಿ. ಕೋಣೆ ಕತ್ತಲು ಮಾಡಿ, ಬೋರ್ಡನ್ನು ಕೈಯಲ್ಲಿ ಹಿಡಿದು ಆಚೀಚೆ ಬೀಸಿ. ಬೆಳಕು ಚುಕ್ಕಿ ಚುಕ್ಕಿಯಾಗಿ ಕಂಡರೆ ಚಿಪ್ ಇನ್ನೂ ಸಣ್ಣ ಪಲ್ಸ್ ಕಳಿಸುತ್ತಿದೆ, ಅಂದರೆ ತಪ್ಪು ರಿಜಿಸ್ಟರಿನಲ್ಲೋ (ಆದೇಶದ ಸಂಖ್ಯೆ ಬರೆಯುವ, ಚಿಪ್‌ನೊಳಗಿನ ಜಾಗ) ಟೈಮರಿನಲ್ಲೋ (ಪಲ್ಸಿನ ಹೊತ್ತು ಎಣಿಸುವ ಭಾಗ) ಇದೆ. ಕಡಿಯದ ಗೆರೆಯಾಗಿ ಕಂಡರೆ ಕರೆಂಟು ನಿರಂತರ ಸೋರುತ್ತಿದೆ, ಅಂದರೆ ತಪ್ಪು ವೈರಿಂಗ್‌ನಲ್ಲಿದೆ. ಪಿಡಬ್ಲ್ಯುಎಂ (ದೀಪವನ್ನು ವೇಗವಾಗಿ ಹೊತ್ತಿಸಿ ಆರಿಸಿ ಬೆಳಕು ಹೊಂದಿಸುವ ವಿಧಾನ) ಆವರ್ತನ 1 ಕಿಲೋಹರ್ಟ್ಜ್ ಮೀರಿದ್ದರೆ ಚುಕ್ಕಿಗಳು ಕೂಡಿಕೊಂಡು ಗೆರೆಯಂತೆ ಕಂಡು ಮೋಸ ಮಾಡಬಹುದು. ಪರೀಕ್ಷೆಯ ಮಟ್ಟಿಗೆ ಅದನ್ನು 100–200 ಹರ್ಟ್ಜ್‌ಗೆ ಇಳಿಸಿಕೊಳ್ಳಿ.

ಹೊರಗಡೆ ಎನ್-ಚಾನೆಲ್ ಮಾಸ್‌ಫೆಟ್ (ಗೇಟ್ ಎಂಬ ಕಾಲಿಗೆ ಕೊಟ್ಟ ವೋಲ್ಟೇಜಿನಿಂದ ಕರೆಂಟು ಬಿಡುವ ಸ್ವಿಚ್) ಇದ್ದರೆ, ಚಿಪ್‌ನಿಂದ ಬರುವ ವೈರನ್ನು ಗೇಟಿನಿಂದ ಬಿಡಿಸಿ ಗೇಟನ್ನು ಸೋರ್ಸಿಗೆ ಸೇರಿಸಿ. ಬೆಳಕು ಆರಿದರೆ ಮಾಸ್‌ಫೆಟ್ ಸರಿಯಿದೆ, ತೊಂದರೆ ಅದರ ಹಿಂದೆ ಇದೆ. ಆರದಿದ್ದರೆ ಮಾಸ್‌ಫೆಟ್ ಹಾಳಾಗಿದೆ ಅಥವಾ ಕರೆಂಟಿಗೆ ಬೇರೊಂದು ದಾರಿ ಸಿಕ್ಕಿದೆ. ಈಗಿನ ಬಿಳಿ ಎಲ್‌ಇಡಿಗಳು ಕೆಲವೇ ಮೈಕ್ರೋಆಂಪಿಗೂ ಕತ್ತಲಲ್ಲಿ ಕಾಣುವಷ್ಟು ಬೆಳಗುತ್ತವೆ. ಹಾಗಾಗಿ ಮೀಟರಿನ ಮಿಲಿಆಂಪ್ ರೇಂಜಿನಲ್ಲಿ 0.00 ಬಂತೆಂದು ಸೋರಿಕೆ ಇಲ್ಲವೆಂದುಕೊಳ್ಳಬೇಡಿ.

ಟೈಮರಿನ ಎರಡು ತುದಿ

ಮೈಕ್ರೋಕಂಟ್ರೋಲರಿನಿಂದಲೇ ಪಿಡಬ್ಲ್ಯುಎಂ ಕೊಟ್ಟು ಡ್ರೈವರ್ ಚಿಪ್‌ನ ಡಿಮ್ (ಬೆಳಕು ತಗ್ಗಿಸುವ) ಪಿನ್ ಓಡಿಸುವವರು ಮೊದಲು ಇದನ್ನು ನೋಡಬೇಕು. ಕೆಲವು ಆರ್ಡುಯಿನೋ ಬೋರ್ಡುಗಳಲ್ಲಿರುವ ಎಟಿಮೆಗಾ328ಪಿ ಚಿಪ್ ಫಾಸ್ಟ್ ಪಿಡಬ್ಲ್ಯುಎಂ ಮೋಡಿನಲ್ಲಿ ಇರುವಾಗ ಹೋಲಿಕೆ ರಿಜಿಸ್ಟರಿಗೆ (ಎಷ್ಟು ಟಿಕ್ಕು, ಅಂದರೆ ಟೈಮರಿನ ಎಷ್ಟು ಎಣಿಕೆ, ಆನ್ ಇರಬೇಕೆಂದು ಹೇಳುವುದು) 0 ಬರೆದರೆ ಔಟ್‌ಪುಟ್ ಪೂರ್ತಿ ಕೆಳಗಿಳಿಯುವುದಿಲ್ಲ. ಪ್ರತಿ 256 ಟಿಕ್ಕಿಗೆ ಒಂದು ಟಿಕ್ಕಿನ ಮುಳ್ಳು ಉಳಿಯುತ್ತದೆ. ಆರ್ಡುಯಿನೋದ ಅನಲಾಗ್‌ರೈಟ್ ಫಂಕ್ಷನ್ ಇದನ್ನು ತಾನೇ ನಿಭಾಯಿಸುತ್ತದೆ: 0 ಕೊಟ್ಟರೆ ಟೈಮರನ್ನು ಪಿನ್ನಿನಿಂದ ಬಿಡಿಸಿ ಲೋ ಮಾಡುತ್ತದೆ. ರಿಜಿಸ್ಟರಿಗೆ ನೇರವಾಗಿ ಬರೆಯುವವರು ಆ ಕೆಲಸವನ್ನು ಕೈಯಾರೆ ಮಾಡಬೇಕು.

ಇಎಸ್‌ಪಿ32 ಮೈಕ್ರೋಕಂಟ್ರೋಲರಿನ ಎಲ್‌ಇಡಿಸಿ ಎಂಬ ಪಿಡಬ್ಲ್ಯುಎಂ ಘಟಕದಲ್ಲಿ ಗೋಳು ಇನ್ನೊಂದು ತುದಿಯದು. 8 ಬಿಟ್ ಇಟ್ಟಾಗ ಪೂರ್ತಿ ಆನ್ ಎಂದರೆ 255 ಅಲ್ಲ, 256. ಕಾಮನ್ ಆನೋಡ್ (ಪ್ಲಸ್ ತುದಿ ಸಪ್ಲೈಗೆ ಸೇರಿ, ಪಿನ್ನು ಲೋ ಆದಾಗ ಹೊತ್ತುವ) ಎಲ್‌ಇಡಿಗೆ ‘255 ಕಳೆ ಬೆಳಕು’ ಎಂದು ತಿರುಗಿಸಿ ಬರೆದರೆ, ಆಫ್ ಆಗಬೇಕಾದಾಗ 255 ಹೋಗುತ್ತದೆ, ಪಿನ್ನು ಪ್ರತಿ ಆವರ್ತದಲ್ಲೂ 1/256 ಭಾಗ ಲೋ ಆಗಿರುತ್ತದೆ, ಎಲ್‌ಇಡಿ ಮಿಣುಕುತ್ತದೆ. ತಯಾರಕರದೇ ಸಾಫ್ಟ್‌ವೇರ್ ಕಿಟ್ ಆದ ಇಎಸ್‌ಪಿ-ಐಡಿಎಫ್‌ನ ಫಂಕ್ಷನ್‌ಗಳನ್ನು ನೇರ ಕರೆಯುವಾಗ 256ರಿಂದ ಕಳೆಯಿರಿ, ಅಷ್ಟು ಸಾಕು.

ಪಿಸಿಎ9685: ಆಫ್ ಬಿಟ್ ಬೇರೆಯೇ ಇದೆ

16 ಚಾನೆಲ್ (ಎಲ್‌ಇಡಿ ಜೋಡಿಸುವ ಔಟ್‌ಪುಟ್), 12 ಬಿಟ್, ಎರಡು ವೈರಿನ ಐ2ಸಿ ಬಸ್. ಹವ್ಯಾಸಿಗಳು ಹೆಚ್ಚು ಬಳಸುವ ಚಿಪ್ ಇದು, ಹೆಚ್ಚು ತಪ್ಪು ತಿಳಿಯುವುದೂ ಇದನ್ನೇ. ಪ್ರತಿ ಚಾನೆಲ್ಲಿಗೆ ನಾಲ್ಕು ರಿಜಿಸ್ಟರು: ಆನ್ ಎಲ್, ಆನ್ ಎಚ್, ಆಫ್ ಎಲ್, ಆಫ್ ಎಚ್. 0ನೇ ಚಾನೆಲ್ಲಿನವುಗಳ ವಿಳಾಸ ಹೆಕ್ಸ್ (ಹದಿನಾರರ ಎಣಿಕೆ) 06ರಿಂದ 09ರವರೆಗೆ, ಮುಂದಿನ ಚಾನೆಲ್ಲುಗಳವು ನಾಲ್ಕು ನಾಲ್ಕು ಕೂಡುತ್ತ ಹೋಗುತ್ತವೆ. ಎಣಿಕೆ 0ರಿಂದ 4095ಕ್ಕೆ ಓಡುವಾಗ ಆನ್ ಸಂಖ್ಯೆ ಬಂದಾಗ ಹೊತ್ತುತ್ತದೆ, ಆಫ್ ಸಂಖ್ಯೆ ಬಂದಾಗ ಆರುತ್ತದೆ. ಎರಡಕ್ಕೂ 0 ಬರೆದರೆ ಆರುತ್ತದೆ ಎಂದು ಊಹಿಸುವುದು ಸಹಜ. ಆದರೆ ಆನ್, ಆಫ್ ಎರಡಕ್ಕೂ ಒಂದೇ ಸಂಖ್ಯೆ ಕೊಡಲೇಬಾರದು ಎಂದು ತಯಾರಕರ ವಿವರಪತ್ರವಾದ ಡೇಟಾಶೀಟೇ ಹೇಳುತ್ತದೆ. ಆರಿಸಲು ಇರುವುದು ಆಫ್ ಎಚ್ ರಿಜಿಸ್ಟರಿನ 4ನೇ ಬಿಟ್. ಲೈಬ್ರರಿಗಳಲ್ಲಿ 4096 ಎಂಬ ವಿಚಿತ್ರ ಸಂಖ್ಯೆ ಕಾಣುವುದು ಇದೇ ಕಾರಣಕ್ಕೆ: 12 ಬಿಟ್‌ನಾಚೆಯ ಆ ಒಂದು ಬಿಟ್ಟೇ 4096.

ಶುರುವಿನ ಕ್ರಮ ಹೀಗಿರಲಿ:

1. ಚಿಪ್ ನಿದ್ದೆಯಲ್ಲಿರುವಾಗ ಮಾತ್ರ ಆವರ್ತನ ಬದಲಾಗುತ್ತದೆ. ಮೋಡ್1 ರಿಜಿಸ್ಟರಿಗೆ, ಅಂದರೆ ಹೆಕ್ಸ್ 00ಕ್ಕೆ, ಹೆಕ್ಸ್ 10 ಬರೆದು ಮಲಗಿಸಿ.
2. ಆವರ್ತನ ನಿರ್ಧರಿಸುವ ಪ್ರಿಸ್ಕೇಲ್ ರಿಜಿಸ್ಟರಿಗೆ, ಅಂದರೆ ಹೆಕ್ಸ್ ಎಫ್‌ಇಗೆ, ಸಂಖ್ಯೆ ಬರೆಯಿರಿ. 2,50,00,000 (ಚಿಪ್‌ನ ಆಸಿಲೇಟರಿನ ಹರ್ಟ್ಜ್) ÷ (4096 × ಬೇಕಾದ ಆವರ್ತನ), ಪೂರ್ಣಾಂಕ ಮಾಡಿ 1 ಕಳೆಯಬೇಕು. 1000 ಹರ್ಟ್ಜ್‌ಗೆ 5 ಬರುತ್ತದೆ, ನಿಜದಲ್ಲಿ ಸಿಗುವುದು ಸುಮಾರು 1017 ಹರ್ಟ್ಜ್. 3ಕ್ಕಿಂತ ಕೆಳಗೆ ಹೋಗುವಂತಿಲ್ಲ, ಆದ್ದರಿಂದ ಮಿತಿ ಸುಮಾರು 1526 ಹರ್ಟ್ಜ್.
3. ಮೋಡ್2 ರಿಜಿಸ್ಟರನ್ನು ವೈರಿಂಗ್‌ಗೆ ತಕ್ಕಂತೆ ಬರೆಯಿರಿ. ವಿವರ ಕೆಳಗಿದೆ.
4. ಎಲ್ಲ ಚಾನೆಲ್ಲುಗಳ ಆಫ್ ಎಚ್, ಅಂದರೆ ಹೆಕ್ಸ್ ಎಫ್‌ಡಿಗೆ, ಹೆಕ್ಸ್ 10 ಬರೆಯಿರಿ. ಹದಿನಾರೂ ಆಫ್.
5. ಮೋಡ್1ಕ್ಕೆ ಹೆಕ್ಸ್ 20 ಬರೆದು ಎಬ್ಬಿಸಿ, 500 ಮೈಕ್ರೋಸೆಕೆಂಡ್ ಕಾಯಿರಿ. ಆಸಿಲೇಟರು ಸ್ಥಿರವಾಗಲು ಅಷ್ಟು ಬೇಕು. ಹೆಕ್ಸ್ 20 ಬರೆದಾಗ ರಿಜಿಸ್ಟರು ತಾನೇ ಮುಂದೆ ಸರಿಯುವ ಸೌಲಭ್ಯ ಶುರುವಾಗುತ್ತದೆ, ‘ಎಲ್ಲರಿಗೂ ಕರೆ’ ವಿಳಾಸ ಬಂದ್ ಆಗುತ್ತದೆ.

ಆ ಕೊನೆಯ ಮಾತು ಮುಖ್ಯ. ಪಿಸಿಎ9685 ಹುಟ್ಟಾ ತನ್ನ ವಿಳಾಸದ ಜೊತೆಗೆ ಹೆಕ್ಸ್ 70ಕ್ಕೂ ಓಗೊಡುತ್ತದೆ. ಎಚ್‌ಟಿ16ಕೆ33 ಡಿಸ್‌ಪ್ಲೇ ಚಿಪ್‌ನ ಮೂಲ ವಿಳಾಸವೂ ಅದೇ. ಎರಡೂ ಒಂದೇ ಬಸ್ಸಿನಲ್ಲಿದ್ದರೆ ಡಿಸ್‌ಪ್ಲೇಗೆ ಕಳಿಸಿದ್ದು ಎಲ್‌ಇಡಿಗಳಿಗೂ ಹೋಗಿ, ಆರಿಸಿದ ದೀಪ ತಾನೇ ಹೊತ್ತಿಕೊಳ್ಳುತ್ತದೆ. ಈ ತಪ್ಪನ್ನು ಹುಡುಕಲು ಒಂದು ದಿನವೇ ಬೇಕಾದೀತು.

ಇನ್ನು ದಿನನಿತ್ಯದ ಬಳಕೆ. 1ರಿಂದ 4095ರವರೆಗಿನ ಬೆಳಕಿಗೆ ಆನ್ = 0, ಆಫ್ = ಆ ಸಂಖ್ಯೆ. ಪೂರ್ತಿ ಆನ್‌ಗೆ ಆನ್ ಎಚ್‌ನಲ್ಲಿ ಹೆಕ್ಸ್ 10, ಆಫ್ ಎಚ್‌ನಲ್ಲಿ 0. ಪೂರ್ತಿ ಆಫ್‌ಗೆ ಆಫ್ ಎಚ್‌ನಲ್ಲಿ ಹೆಕ್ಸ್ 10. ಎರಡೂ ಬಿಟ್ ಇದ್ದರೆ ಗೆಲ್ಲುವುದು ಆಫ್. ಆದ್ದರಿಂದ ಆರಿಸಿದ ಚಾನೆಲ್ಲಿಗೆ ಬರೀ ಆನ್ ಬಿಟ್ ಬರೆದರೆ ಏನೂ ಆಗುವುದಿಲ್ಲ, ಹಳೆಯ ಆಫ್ ಬಿಟ್ ಕೂತೇ ಇರುತ್ತದೆ. ಪ್ರತಿ ಸಲವೂ ನಾಲ್ಕೂ ಬೈಟುಗಳನ್ನು ಒಟ್ಟಿಗೆ ಬರೆದರೆ ಈ ತಲೆನೋವು ಇರದು.

ಚಿಪ್ಪನ್ನು ನಿದ್ದೆಗೆ ಕಳಿಸುವುದು ಆರಿಸುವ ವಿಧಾನವಲ್ಲ. ನಿದ್ದೆಯಲ್ಲಿ ಆಸಿಲೇಟರು ನಿಲ್ಲುತ್ತದೆ, ಆಗ ಚಾನೆಲ್ಲುಗಳನ್ನು ಹೊತ್ತಿಸಲೂ ಆಗದು, ಆರಿಸಲೂ ಆಗದು. ಮೊದಲು ನಾಲ್ಕನೇ ಹೆಜ್ಜೆಯಂತೆ ಎಲ್ಲವನ್ನೂ ಆಫ್ ಮಾಡಿ, ಆಮೇಲೆ ಮಲಗಿಸಿ.

ವೈರಿಂಗ್ ತಿರುವುಮುರುವಾದರೆ ಆಫ್ ಎಂಬುದೇ ಆನ್ ಆಗುತ್ತದೆ

ಈ ಚಿಪ್ ಒಂದು ಪಿನ್ನಿನಿಂದ 25 ಮಿಲಿಆಂಪ್ ಎಳೆದುಕೊಳ್ಳಬಲ್ಲದು, ಹೊರಗೆ ಕೊಡುವಾಗ 5 ವೋಲ್ಟಿನಲ್ಲಿ 10 ಮಿಲಿಆಂಪ್ ಮಾತ್ರ. ಹಾಗಾಗಿ ಎಲ್‌ಇಡಿಯ ಆನೋಡನ್ನು ಸಪ್ಲೈಗೆ, ಕ್ಯಾಥೋಡನ್ನು ರೆಸಿಸ್ಟರಿನ ಮೂಲಕ ಪಿನ್ನಿಗೆ ಕೊಡುವುದು ರೂಢಿ. ಆಗ ಪಿನ್ನು ಲೋ ಆದರೆ ದೀಪ ಹೊತ್ತುತ್ತದೆ. ಚಿಪ್‌ನ ಹುಟ್ಟು ಸ್ಥಿತಿಯಲ್ಲಿ ಆಫ್ ಎಂದರೂ ಲೋ. ಕರೆಂಟು ಕೊಟ್ಟ ಕೂಡಲೇ ಎಲ್ಲ ದೀಪಗಳೂ ಧಗ್ಗೆಂದು ಹೊತ್ತಿ, ಮೋಡ್2 ಬರೆಯುವವರೆಗೆ ಹಾಗೇ ಇರುತ್ತವೆ.

ನೇರ ಜೋಡಿಸಿದ ಎಲ್‌ಇಡಿಗೆ ಮೋಡ್2ರಲ್ಲಿ ಹೆಕ್ಸ್ 12 ಬರೆಯಿರಿ. ಔಟ್‌ಪುಟ್ ತಿರುವುಮುರುವಾಗಿರುತ್ತದೆ, ಓಪನ್ ಡ್ರೇನ್ (ಪಿನ್ನು ಲೋಗೆ ಎಳೆಯುತ್ತದೆ, ಹೈ ಕೊಡುವುದಿಲ್ಲ) ಇರುತ್ತದೆ, ಒಇ ಪಿನ್ನು (ಎಲ್ಲ ಔಟ್‌ಪುಟ್ಟುಗಳನ್ನು ಒಟ್ಟಿಗೆ ಬಂದ್ ಮಾಡುವುದು) ಹೈ ಆದಾಗ ಔಟ್‌ಪುಟ್ಟುಗಳು ಹೈಗೂ ಲೋಗೂ ಸೇರದೆ ತೇಲುತ್ತವೆ. ಆ ಕೊನೆಯ ಭಾಗ ಬಿಟ್ಟು ಹೆಕ್ಸ್ 10 ಅಷ್ಟೇ ಬರೆದರೆ, ‘ಎಲ್ಲ ಬಂದ್’ ಆಗಲೆಂದು ಒಇಯನ್ನು ಹೈ ಮಾಡಿದಾಗ ಔಟ್‌ಪುಟ್ಟುಗಳು ಲೋ ಆಗಿ ಎಲ್ಲ ದೀಪಗಳೂ ಹೊತ್ತುತ್ತವೆ. ತುರ್ತು ಸ್ವಿಚ್ಚಿಗೆ ಒಇ ಬಳಸುವವರು ಇದನ್ನು ಪರೀಕ್ಷಿಸದೆ ಬಿಡಬಾರದು.

ಓಪನ್ ಡ್ರೇನ್ ಬೇಕೆನ್ನಲು ಇನ್ನೊಂದು ಕಾರಣವಿದೆ. ಚಿಪ್ 3.3 ವೋಲ್ಟಿನಲ್ಲಿ, ಎಲ್‌ಇಡಿ ಸಪ್ಲೈ 5 ವೋಲ್ಟಿನಲ್ಲಿ ಇರುವುದು ಸಾಮಾನ್ಯ. ಹೈ, ಲೋ ಎರಡನ್ನೂ ಪಿನ್ನೇ ಕೊಡುವ ಟೋಟೆಮ್ ಪೋಲ್ ಮೋಡಿನಲ್ಲಿ ಪಿನ್ನು ಹೈ ಆದರೂ 3.3ಕ್ಕೇ ನಿಲ್ಲುತ್ತದೆ, ಎಲ್‌ಇಡಿಯ ಮೇಲೆ 1.7 ವೋಲ್ಟ್ ಉಳಿಯುತ್ತದೆ. ಬಿಳಿ, ನೀಲಿ ಬೆಳಗಲು ಅದು ಸಾಲದು, ಕೆಂಪು ಮಿಣುಕಲು ಸಾಕು. ‘ಕೆಂಪು ಮಾತ್ರ ಆರುತ್ತಿಲ್ಲ’ ಎಂಬ ದೂರಿನ ಹಿಂದೆ ಬಹುಪಾಲು ಇದೇ ಇರುತ್ತದೆ. ಔಟ್‌ಪುಟ್ಟುಗಳು 5.5 ವೋಲ್ಟ್‌ವರೆಗೆ ತಾಳುತ್ತವೆ, ಆದ್ದರಿಂದ ಓಪನ್ ಡ್ರೇನ್ ಮಾಡಿದರೆ ದೂರು ಮುಗಿಯಿತು.

ಆದರೂ ಹೊಸದಾಗಿ ಬೋರ್ಡ್ ಮಾಡುವವರಿಗೆ ಸಲಹೆ: ಎನ್-ಚಾನೆಲ್ ಮಾಸ್‌ಫೆಟ್ ಹಾಕಿ. ಮೋಡ್2 ಹುಟ್ಟಾ ಇರುವ ಹೆಕ್ಸ್ 04ರಲ್ಲೇ ಸರಿಹೋಗುತ್ತದೆ, ಲೋ ಎಂದರೆ ಆಫ್, ಒಇ ಹೈ ಎಂದರೂ ಆಫ್, ಪವರ್ ಬಂದಾಗ ಮಿಂಚುವುದಿಲ್ಲ. ಗೇಟಿಗೆ 100 ಓಮ್ ಸರಣಿಯಲ್ಲಿ, ಗೇಟಿನಿಂದ ಗ್ರೌಂಡಿಗೆ 10 ಕಿಲೋ ಓಮ್. ಆ 10 ಕಿಲೋ ಬಿಟ್ಟರೆ ಚಿಪ್‌ಗೆ ಪವರ್ ಇಲ್ಲದಾಗ ಗೇಟು ತೇಲಿ, ಮಾಸ್‌ಫೆಟ್ ಅರೆತೆರೆದು ಬಿಸಿಯಾಗುತ್ತದೆ.

ಡಿಸ್‌ಪ್ಲೇ ಚಿಪ್‌ಗಳು: 0 ಎಂದರೆ ಮೊದಲ ಮೆಟ್ಟಿಲು

ಮ್ಯಾಕ್ಸ್7219ರ ಪ್ರಕಾಶ ರಿಜಿಸ್ಟರಿನಲ್ಲಿ, ಅಂದರೆ ಹೆಕ್ಸ್ 0ಎನಲ್ಲಿ, 0ರಿಂದ 15ರವರೆಗೆ ಹದಿನಾರು ಮಟ್ಟ. 0 ಕೊಟ್ಟರೆ 1/32 ಭಾಗ ಉರಿಯುತ್ತದೆ, 15ಕ್ಕೆ 31/32. ಆಫ್ ಅಲ್ಲಿ ಇಲ್ಲವೇ ಇಲ್ಲ. ಅದು ಇರುವುದು ಶಟ್‌ಡೌನ್ ರಿಜಿಸ್ಟರಿನಲ್ಲಿ, ಹೆಕ್ಸ್ 0ಸಿ: 0 ಎಂದರೆ ಆಫ್, 1 ಎಂದರೆ ಆನ್. ಆಫ್ ಇದ್ದಾಗಲೂ ಅಂಕೆಗಳನ್ನು ಬರೆಯಬಹುದು, ಹೊತ್ತಿಸಿದಾಗ ಹೊಸದೇ ಕಾಣುತ್ತದೆ. ಶಟ್‌ಡೌನ್ ಕೊಟ್ಟರೂ ಎಲ್ಲ ಸೆಗ್ಮೆಂಟುಗಳೂ ಪೂರ್ತಿ ಉರಿಯುತ್ತಿದ್ದರೆ ಟೆಸ್ಟ್ ರಿಜಿಸ್ಟರು, ಅಂದರೆ ಹೆಕ್ಸ್ 0ಎಫ್, 1ರಲ್ಲಿ ಸಿಕ್ಕಿಕೊಂಡಿದೆ. ಟೆಸ್ಟ್ ಮೋಡ್ ಶಟ್‌ಡೌನನ್ನೂ ಮೀರುತ್ತದೆ. ಸಾಲಾಗಿ ಪೋಣಿಸಿದ ಮಾಡ್ಯೂಲುಗಳಲ್ಲಿ ಆದೇಶ ಪ್ರತಿ ಚಿಪ್ಪಿಗೂ ಹೋಗಬೇಕು: ನಾಲ್ಕಿದ್ದರೆ 16 ಬಿಟ್‌ಗಳ ನಾಲ್ಕು ತುಂಡು ಕಳಿಸಿ, ಆಮೇಲೆ ಒಮ್ಮೆ ಲೋಡ್ ಪಿನ್ನು ಎತ್ತಬೇಕು. 5 ವೋಲ್ಟಿನಲ್ಲಿ ಓಡುವ ಈ ಚಿಪ್ ಹೈ ಎಂದು ಒಪ್ಪಲು 3.5 ವೋಲ್ಟ್ ಕೇಳುತ್ತದೆ. 3.3 ವೋಲ್ಟಿನ ಬೋರ್ಡಿನಿಂದ ನೇರ ಓಡಿಸಿದರೆ ಒಮ್ಮೆ ಆರಿ ಒಮ್ಮೆ ಆರದೆ ಕಾಡುತ್ತದೆ. ಸಿಗ್ನಲ್ಲಿನ ವೋಲ್ಟೇಜ್ ಏರಿಸುವ ಲೆವೆಲ್ ಶಿಫ್ಟರ್ ಹಾಕಿ.

ಎಚ್‌ಟಿ16ಕೆ33ರಲ್ಲಿ ಹೆಕ್ಸ್ ಇ0ಯಿಂದ ಇಎಫ್‌ವರೆಗೆ 1/16ರಿಂದ 16/16. ಆರಿಸಲು ಹೆಕ್ಸ್ 80, ಆಸಿಲೇಟರನ್ನೂ ನಿಲ್ಲಿಸಲು ಹೆಕ್ಸ್ 20.

ಟಿಎಂ1637ರಲ್ಲಿ ಹೆಕ್ಸ್ 88ರಿಂದ 8ಎಫ್ ಬೆಳಕಿನ ಎಂಟು ಮಟ್ಟ, ಹೆಕ್ಸ್ 80 ಆಫ್. ಇದರ ಮಟ್ಟಗಳು ಸಮವಾಗಿಲ್ಲ: 1, 2, 4, ಅಲ್ಲಿಂದ ಒಮ್ಮೆಲೇ 10, ಆಮೇಲೆ 11, 12, 13, 14, ಎಲ್ಲವೂ ಹದಿನಾರರಲ್ಲಿ. ಮೂರರಿಂದ ನಾಲ್ಕನೇ ಮಟ್ಟಕ್ಕೆ ಬೆಳಕು ಹಾರುವುದು ನಿಮ್ಮ ಕೋಡಿನ ತಪ್ಪಲ್ಲ.

ಎಲ್‌ಇಡಿ ಡ್ರೈವರ್ ಚಿಪ್ ಟಿಎಲ್‌ಸಿ5940 ಈ ವಿಷಯದಲ್ಲಿ ಪ್ರಾಮಾಣಿಕ, 0 ಎಂದರೆ ನಿಜವಾಗಿ 0. ಆದರೆ ಅದರ ಎಣಿಕೆ ಹೊರಗಿನ ಕ್ಲಾಕಿನಿಂದ ನಡೆಯುತ್ತದೆ. ನಡುವೆ ಕ್ಲಾಕ್ ನಿಂತರೆ ಆ ಕ್ಷಣ ಉರಿಯುತ್ತಿದ್ದ ಚಾನೆಲ್ಲುಗಳು ಹಾಗೇ ಉರಿಯುತ್ತವೆ. ಹೈ ಆದಾಗ ಎಲ್ಲವನ್ನೂ ಆರಿಸುವ ಬ್ಲ್ಯಾಂಕ್ ಪಿನ್ನಿಗೆ 10 ಕಿಲೋ ಓಮ್ ಪುಲ್‌ಅಪ್ (ಪ್ಲಸ್ ಕಡೆ ಎಳೆಯುವ ರೆಸಿಸ್ಟರು) ಹಾಕಿದರೆ ಕಂಟ್ರೋಲರು ಎದ್ದೇಳುವ ತನಕ ಎಲ್ಲವೂ ಕತ್ತಲಾಗಿರುತ್ತದೆ.

ಕಪ್ಪಾದರೂ ಕರೆಂಟು ಕುಡಿಯುವ ಡಬ್ಲ್ಯುಎಸ್2812ಬಿ

ಇದು ಬಣ್ಣದ ಎಲ್‌ಇಡಿ ಪಟ್ಟಿಗಳಲ್ಲಿ ಬರುವ, ಒಳಗೇ ಚಿಪ್ ಇರುವ ಎಲ್‌ಇಡಿ. ಇಲ್ಲಿ 0,0,0 (ಕೆಂಪು, ಹಸಿರು, ನೀಲಿ ಮೂರಕ್ಕೂ ಸೊನ್ನೆ) ಕಳಿಸಿದರೆ ಬೆಳಕು ಪೂರ್ತಿ ಆರುತ್ತದೆ. ಆರದಿರುವುದು ಪ್ರತಿ ಎಲ್‌ಇಡಿಯೊಳಗಿನ ಚಿಪ್. ಒಂದೊಂದೂ ಸುಮಾರು ಅರ್ಧದಿಂದ 1 ಮಿಲಿಆಂಪ್ ಎಳೆಯುತ್ತಲೇ ಇರುತ್ತದೆ. 300 ಎಲ್‌ಇಡಿಯ ಪಟ್ಟಿ ಕತ್ತಲಲ್ಲೂ 150ರಿಂದ 300 ಮಿಲಿಆಂಪ್ ತಿನ್ನುತ್ತದೆ, ಅಂದರೆ 5 ವೋಲ್ಟಿನಲ್ಲಿ ಮುಕ್ಕಾಲಿನಿಂದ ಒಂದೂವರೆ ವ್ಯಾಟ್. ಬ್ಯಾಟರಿಯಲ್ಲಿ ಓಡಿಸುವವರಿಗೆ ಇದೇ ದೊಡ್ಡ ಖರ್ಚು.

ಈ ಖರ್ಚು ತಪ್ಪಿಸಲು ಪಟ್ಟಿಯ ಪವರನ್ನೇ ಕಡಿಯಬೇಕು. ಆಗ ಬಿಡಿಸಬೇಕಾದದ್ದು ಪ್ಲಸ್ ವೈರನ್ನು, ಗ್ರೌಂಡನ್ನಲ್ಲ. ಗ್ರೌಂಡ್ ಬಿಡಿಸಿದರೆ ಪಟ್ಟಿಯ ಕರೆಂಟು ಡೇಟಾ ಪಿನ್ನಿನ ಮೂಲಕ ಕಂಟ್ರೋಲರಿಗೆ ಇಳಿಯಲು ನೋಡುತ್ತದೆ, ಮೊದಲ ಚಿಪ್ಪೋ ಕಂಟ್ರೋಲರಿನ ಪಿನ್ನೋ ಸಾಯುತ್ತದೆ. ಪ್ಲಸ್ ಕಡೆ ಪಿ-ಚಾನೆಲ್ ಮಾಸ್‌ಫೆಟ್ ಇಟ್ಟು, ಗೇಟನ್ನು 10 ಕಿಲೋ ಓಮಿನಿಂದ 5 ವೋಲ್ಟಿಗೆ ಎತ್ತಿ, ಒಂದು ಸಣ್ಣ ಎನ್‌ಪಿಎನ್ ಟ್ರಾನ್ಸಿಸ್ಟರಿನಿಂದ ಕೆಳಗೆಳೆಯಿರಿ. 3.3 ವೋಲ್ಟಿನ ಪಿನ್ನಿನಿಂದ ನೇರ ಗೇಟ್ ಓಡಿಸಬೇಡಿ. ಹೈ ಇದ್ದಾಗಲೂ ಗೇಟಿಗೂ ಸೋರ್ಸಿಗೂ ನಡುವೆ 1.7 ವೋಲ್ಟ್ ಉಳಿದು ಅದು ಪೂರ್ತಿ ಮುಚ್ಚುವುದಿಲ್ಲ.

ಆರಿಸುವಾಗ ಮೊದಲು ಸೊನ್ನೆಗಳನ್ನು ಕಳಿಸಿ, ಡೇಟಾ ಪಿನ್ನನ್ನು ಲೋ ಮಾಡಿ, ಆಮೇಲೆ ಪವರ್ ಕಡಿಯಿರಿ. ಡೇಟಾ ಹೈ ಇದ್ದರೆ ಪಿನ್ನಿನ ರಕ್ಷಣಾ ಡಯೋಡಿನ ಮೂಲಕವೇ ಪಟ್ಟಿಗೆ ಅರೆಬರೆ ಪವರ್ ಸಿಕ್ಕಿ ಮೊದಲ ಕೆಲವು ಎಲ್‌ಇಡಿಗಳು ತೋಚಿದ ಬಣ್ಣ ತೋರುತ್ತವೆ. ದೊಡ್ಡ ಕೆಪಾಸಿಟರನ್ನು ಮಾಸ್‌ಫೆಟ್‌ಗಿಂತ ಮೊದಲೇ, ಸಪ್ಲೈ ಕಡೆ ಇಡಿ. ಅದರ ನಂತರ ಇಟ್ಟರೆ ಪ್ರತಿ ಸಲ ಹೊತ್ತಿಸಿದಾಗಲೂ ಅದನ್ನು ತುಂಬಿಸುವ ಹೊಡೆತಕ್ಕೆ ಕಂಟ್ರೋಲರು ರೀಸೆಟ್ ಆಗುವುದುಂಟು.

ಪಿಟಿ4115ರಂಥ ಪವರ್ ಡ್ರೈವರ್‌ಗಳು

1 ವ್ಯಾಟ್, 3 ವ್ಯಾಟ್ ಎಲ್‌ಇಡಿಗಳಿಗೆ ಬಳಸುವ ಬಕ್ (ವೋಲ್ಟೇಜ್ ಇಳಿಸುವ) ಡ್ರೈವರ್ ಇದು. ಕರೆಂಟು = 0.1 ÷ ಕರೆಂಟು ಅಳೆಯುವ ಸೆನ್ಸ್ ರೆಸಿಸ್ಟರು, ಅಂದರೆ 0.33 ಓಮ್ ಹಾಕಿದರೆ ಸುಮಾರು 300 ಮಿಲಿಆಂಪ್. ಡಿಮ್ ಪಿನ್ನು 0.3 ವೋಲ್ಟಿಗಿಂತ ಕೆಳಗಿದ್ದರೆ ಪೂರ್ತಿ ಆಫ್. 0.5ರಿಂದ 2.5 ವೋಲ್ಟ್ ನಡುವೆ ಕರೆಂಟೇ ಏರಿಳಿಯುತ್ತದೆ. ಚಿಪ್‌ನೊಳಗೇ ಪುಲ್‌ಅಪ್ ಇರುವುದರಿಂದ ಡಿಮ್ ಪಿನ್ನನ್ನು ತೇಲಲು ಬಿಟ್ಟರೆ ದೀಪ ಪೂರ್ತಿ ಉರಿಯುತ್ತದೆ. ಕಂಟ್ರೋಲರು ಬೂಟ್ ಆಗುವಾಗ ಕಣ್ಣು ಕುಕ್ಕುವ ಮಿಂಚಿಗೆ ಕಾರಣ ಇದು. ಡಿಮ್ ಪಿನ್ನಿನಿಂದ ಗ್ರೌಂಡಿಗೆ 4.7 ಕಿಲೋ ಓಮ್ ಹಾಕಿ. ನಡುವೆ ಎನ್-ಚಾನೆಲ್ ಮಾಸ್‌ಫೆಟ್ ಇಟ್ಟು ಡಿಮ್ ಪಿನ್ನನ್ನು ಕೆಳಗೆಳೆಯುವ ವಿನ್ಯಾಸವಾದರೆ ಉಲ್ಟಾ: ಆ ಮಾಸ್‌ಫೆಟ್‌ನ ಗೇಟಿಗೆ ಪುಲ್‌ಅಪ್ ಬೇಕು.

ತೀರಾ ಮಂದ ಬೆಳಕಿನಲ್ಲಿ ಇಂಥ ಡ್ರೈವರ್ ಲೆಕ್ಕಕ್ಕೆ ಸಿಗುವುದಿಲ್ಲ. 12 ವೋಲ್ಟ್ ಸಪ್ಲೈ, ಸಾಲಿನಲ್ಲಿ ಮೂರು ಬಿಳಿ ಎಲ್‌ಇಡಿ, ಸುಮಾರು 9.6 ವೋಲ್ಟ್. ಇಂಡಕ್ಟರಿಗೆ ಉಳಿಯುವುದು 2.4 ವೋಲ್ಟ್. 68 ಮೈಕ್ರೋಹೆನ್ರಿ ಇಂಡಕ್ಟರಿನಲ್ಲಿ ಕರೆಂಟು ಸೊನ್ನೆಯಿಂದ 0.3 ಆಂಪಿಗೆ ಏರಲು 8.5 ಮೈಕ್ರೋಸೆಕೆಂಡ್ ಬೇಕು. 1 ಕಿಲೋಹರ್ಟ್ಜ್‌ನ 12 ಬಿಟ್ ಪಿಡಬ್ಲ್ಯುಎಂನಲ್ಲಿ ಒಂದು ಮೆಟ್ಟಿಲು 0.244 ಮೈಕ್ರೋಸೆಕೆಂಡ್. ಹಾಗಾದರೆ ಕೆಳಗಿನ ಸುಮಾರು 35 ಮೆಟ್ಟಿಲುಗಳಲ್ಲಿ ಕರೆಂಟು ತನ್ನ ಎತ್ತರ ಮುಟ್ಟುವುದೇ ಇಲ್ಲ. 200 ಹರ್ಟ್ಜ್‌ಗೆ ಇಳಿಸಿದರೆ ಇದು 7ಕ್ಕೆ ಇಳಿಯುತ್ತದೆ, 24 ವೋಲ್ಟ್ ಸಪ್ಲೈ ಕೊಟ್ಟರೆ ಇನ್ನೂ ಕಡಿಮೆ. ಎಲ್‌ಇಡಿಗೆ ಅಡ್ಡಲಾಗಿ ದೊಡ್ಡ ಕೆಪಾಸಿಟರ್ ಇದ್ದರೆ ಮಂದ ಬೆಳಕೂ ಕೆಡುತ್ತದೆ, ಆರುವುದೂ ತಡವಾಗುತ್ತದೆ. ಎಲ್‌ಇಡಿಯ ವೈರಿನಲ್ಲೇ ಸ್ವಿಚ್ ಇಟ್ಟು ಆರಿಸುವ ಯೋಚನೆ ಬೇಡ. ಬಿಡಿಸಿದಾಗ ಆ ಕೆಪಾಸಿಟರು ಸಪ್ಲೈ ಮಟ್ಟಕ್ಕೆ ಏರಿ ಕೂತಿರುತ್ತದೆ, ಮತ್ತೆ ಸೇರಿಸಿದಾಗ ಎಲ್ಲವೂ ಎಲ್‌ಇಡಿಯ ಮೇಲೆ ಸುರಿಯುತ್ತದೆ.

ಬೂಸ್ಟ್ (ವೋಲ್ಟೇಜ್ ಏರಿಸುವ) ಡ್ರೈವರ್‌ಗಳಲ್ಲಿ ಇನ್ನೊಂದು ಬಲೆ ಇದೆ. ಚಿಪ್ ಆಫ್ ಆದರೂ ಇಂಡಕ್ಟರು, ಡಯೋಡಿನ ಮೂಲಕ ಸಪ್ಲೈಯಿಂದ ಎಲ್‌ಇಡಿಗೆ ನೇರ ದಾರಿ ಉಳಿಯುತ್ತದೆ. 5 ವೋಲ್ಟಿನಿಂದ ಎರಡು ಬಿಳಿ ಎಲ್‌ಇಡಿ ಓಡಿಸುತ್ತಿದ್ದರೆ, ಡಯೋಡಿನಲ್ಲಿ 0.3 ಹೋಗಿ ಒಂದೊಂದಕ್ಕೆ 2.35 ವೋಲ್ಟ್ ಸಿಗುತ್ತದೆ. ಮಿಣುಕಲು ಅಷ್ಟು ಸಾಕು. ಸಾಲಿಗೆ ಮೂರನೇ ಎಲ್‌ಇಡಿ ಸೇರಿಸಿ, ಇಲ್ಲವೇ ಸಪ್ಲೈಯನ್ನೇ ಕಡಿಯುವ ಮಾಸ್‌ಫೆಟ್ ಹಾಕಿ.

ಸೋರಿಕೆಗೆ ಒಂದು ರೆಸಿಸ್ಟರು

ದಾರಿ ಮುಚ್ಚಲಾಗದ ಸಣ್ಣ ಸೋರಿಕೆಗೆ ಎಲ್‌ಇಡಿಗೆ ಅಡ್ಡಲಾಗಿ ರೆಸಿಸ್ಟರು ಹಾಕುವುದು ಅಗ್ಗದ ಮದ್ದು. ಬಿಳಿ ಎಲ್‌ಇಡಿ ಬೆಳಗತೊಡಗುವುದು 2.2 ವೋಲ್ಟ್ ಆಸುಪಾಸಿನಲ್ಲಿ ಎಂದಿಟ್ಟುಕೊಳ್ಳಿ. ಸೋರಿಕೆ 10 ಮೈಕ್ರೋಆಂಪ್ ಇದ್ದರೆ 220 ಕಿಲೋ ಓಮ್ ಗಡಿ, 100 ಕಿಲೋ ಹಾಕಿದರೆ ಎಲ್‌ಇಡಿಯ ಮೇಲೆ 1 ವೋಲ್ಟ್ ಮಾತ್ರ ಬಂದು ಅದು ಪೂರ್ತಿ ಆರುತ್ತದೆ. ಉರಿಯುವಾಗ ಈ ರೆಸಿಸ್ಟರು ತಿನ್ನುವುದು 30 ಮೈಕ್ರೋಆಂಪ್, ಲೆಕ್ಕಕ್ಕಿಲ್ಲ. ಪಲ್ಸಿನಿಂದ ಮಿಣುಕುವ ದೀಪಕ್ಕೆ ಮಾತ್ರ ಈ ಮದ್ದು ನಾಟುವುದಿಲ್ಲ.

ಮಂದ ಬೆಳಕು ಕಣ್ಣಿನ ಲೆಕ್ಕದಲ್ಲಿ

ಆಫ್ ಸರಿಹೋದ ಮೇಲೆ ಉಳಿಯುವುದು ಕೆಳತುದಿಯ ಇಳಿಜಾರು. ಕಣ್ಣಿಗೆ ಅರ್ಧ ಎನಿಸುವ ಬೆಳಕು ನಿಜದಲ್ಲಿ ಸುಮಾರು 18 ಪ್ರತಿಶತ. ಬೆಳಕಿನ ಅಂತರರಾಷ್ಟ್ರೀಯ ಆಯೋಗವಾದ ಸಿಐಇಯ ಸೂತ್ರದ ಪ್ರಕಾರ, 0ರಿಂದ 100ರ ಮಟ್ಟ ಎಲ್ ಎಂದರೆ, 8ರವರೆಗೆ ಎಲ್ ÷ 903.3, ಅದರ ಮೇಲೆ (ಎಲ್ + 16) ÷ 116ರ ಘನ. 12 ಬಿಟ್‌ನಲ್ಲಿ 1ಕ್ಕೆ 5, 10ಕ್ಕೆ 46, 25ಕ್ಕೆ 181, 50ಕ್ಕೆ 754, 75ಕ್ಕೆ 1977 ಬರುತ್ತದೆ. 100ಕ್ಕೆ ಪೂರ್ತಿ ಆನ್ ಬಿಟ್, 0ಗೆ ಪೂರ್ತಿ ಆಫ್ ಬಿಟ್. ಇವೆರಡನ್ನು ಕೋಷ್ಟಕದಿಂದ ಹೊರಗಿಟ್ಟು ಬೇರೆಯಾಗಿಯೇ ಬರೆಯಿರಿ.

8 ಬಿಟ್ ಚಿಪ್‌ನಲ್ಲಿ ಗಾಮಾ 2.2 (ಮಟ್ಟವನ್ನು 2.2ರ ಘಾತಕ್ಕೆ ಏರಿಸಿ ಕಣ್ಣಿಗೆ ಹೊಂದಿಸುವ ತಿದ್ದುಪಡಿ) ಹಾಕಿದರೆ 1ರಿಂದ 14ರವರೆಗಿನ ಮಟ್ಟಗಳೆಲ್ಲ ಸೊನ್ನೆಗೆ ಕುಸಿಯುತ್ತವೆ. ಸ್ಲೈಡರ್ ಇನ್ನೂ 5 ಪ್ರತಿಶತ ತೋರುತ್ತಿರುತ್ತದೆ, ದೀಪ ಆಗಲೇ ಆರಿರುತ್ತದೆ. ಅದೇ 255 ಮಟ್ಟಗಳನ್ನು 12 ಬಿಟ್‌ನಲ್ಲಿ ಬರೆದರೆ ಹೀಗೆ ಕಳೆದುಹೋಗುವುದು ಮೊದಲ ನಾಲ್ಕು ಮಟ್ಟ ಮಾತ್ರ. 8 ಬಿಟ್‌ಗೇ ಅಂಟಿಕೊಳ್ಳಬೇಕಾದರೆ ಸೊನ್ನೆಯಲ್ಲದ ಯಾವ ಮಟ್ಟಕ್ಕೂ ಕನಿಷ್ಠ 1 ಹೋಗುವಂತೆ ಕಟ್ಟಿಹಾಕಿ. ನಿಮ್ಮ ಡ್ರೈವರ್ 1ರಲ್ಲಿ ಬೆಳಗುತ್ತಲೇ ಇಲ್ಲವಾದರೆ, ಬೆಳಗಲು ಶುರುವಾಗುವ ಸಂಖ್ಯೆಯನ್ನು ಕತ್ತಲಲ್ಲಿ ಒಂದೊಂದಾಗಿ ಏರಿಸಿ ಕಂಡುಹಿಡಿದು ಅದನ್ನೇ ಕನಿಷ್ಠವಾಗಿಡಿ. ಪ್ರತಿ ಬೋರ್ಡಿಗೂ ಆ ಸಂಖ್ಯೆ ಸ್ವಲ್ಪ ಬೇರೆ ಬರುತ್ತದೆ, ಒಂದರದ್ದನ್ನು ಇನ್ನೊಂದಕ್ಕೆ ನಕಲು ಮಾಡಬೇಡಿ.